ಪೆಟ್ಟು ತಿಂದು ನಗಿಸುವವರು



ಕಳೆದ ತಿಂಗಳು ಇಳಕಲ್ಲಿನ ಸೋದರಿಯೊಬ್ಬರಿಂದ ಈ ಅಂಕಣಕ್ಕೆ ಒಂದು ಪತ್ರ ಬಂದಿತು. ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಅವರು ಕೋರಿದ್ದಾರೆ. ಪತ್ರದ ಸಾರಾಂಶವಿಷ್ಟು. ಅವರ ಹನ್ನೊಂದು ವರ್ಷದ ಮಗನಿಗೆ ಚೀನೀಯರ ಹೊಡೆದಾಟದ ನಗೆಚಿತ್ರಗಳ ಹುಚ್ಚು ಹಿಡಿದಿದೆ. ಶಾಲೆಯಿಂದ ಬಂದೊಡನೆ ಕೈಕಾಲು ತೊಳೆಯುವುದಕ್ಕೂ ಮೊದಲು ಆ ಚಿತ್ರಗಳ ಮುಂದೆ ಕೂಡುತ್ತಾನೆ. ಒಬ್ಬರು ಇನ್ನೊಬ್ಬರನ್ನು ಬಡಿಯುತ್ತಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಎರಡು ತಿಂಗಳ ಹಿಂದೆ ಅಟ್ಟದ ಏಣಿಯ ಮೇಲಿಂದ ಜಿಗಿದು ಎಡಗೈ ಮುರಿದುಕೊಂಡ. ತಾಯಿ ಅದನ್ನೂ ಸಹಿಸಿಕೊಂಡರು. ಆದರೆ ಕಳೆದ ವಾರ ಆತನ ಪುಟ್ಟ ತಂಗಿ ಅಂಗಳದಲ್ಲಿ ಕಾಲು ಜಾರಿ ಬಿದ್ದು ಮೊಣಕಾಲು ತರಚಿಕೊಂಡು ಅಳತೊಡಗಿದಾಗ, ಆತ ಅವಳನ್ನು ಎತ್ತುವುದನ್ನು ಬಿಟ್ಟು ನಕ್ಕನಂತೆ. "ಕೈ ಮುರಿದರೆ ಕೂಡುತ್ತದೆ, ಕರುಳು ಒಣಗಿದರೆ ಏನು ಮಾಡಲಿ?" ಎಂದು ಆ ತಾಯಿ ಕೇಳಿದ್ದಾರೆ. ದಯೆಯನ್ನೇ ಧರ್ಮದ ತಾಯಿಬೇರೆಂದು ನಂಬಿದ ಮನೆಯಲ್ಲಿ ಇಂಥ ಚಿತ್ರಗಳಿಗೆ ಎಡೆಯುಂಟೇ, ಇವನ್ನು ಒಮ್ಮೆಲೇ ನಿಷೇಧಿಸುವುದು ಲೇಸಲ್ಲವೇ ಎಂಬುದು ಅವರ ಪ್ರಶ್ನೆ.

ಪತ್ರವನ್ನು ಓದಿ ಅಲ್ಲಿಂದಲ್ಲಿಗೆ ಉತ್ತರ ಬರೆದುಬಿಡುವುದು ಸುಲಭವಿತ್ತು. "ನಿಷೇಧಿಸಿರಿ" ಎಂಬ ಒಂದು ಮಾತಿನಲ್ಲಿ ಹಿರಿತನವೂ ಉಳಿಯುತ್ತಿತ್ತು, ಶ್ರಮವೂ ತಪ್ಪುತ್ತಿತ್ತು. ಆದರೆ ನೋಡದ ವಸ್ತುವಿನ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲವೆನಿಸಿತು. ಕಾರ್ಯನಿಮಿತ್ತ ಇಳಕಲ್ಲಿಗೆ ಹೋಗಬೇಕಾಗಿದ್ದುದರಿಂದ ಒಂದು ಸಂಜೆ ಆ ಸೋದರಿಯ ಮನೆಗೆ ಹೋಗಿ, ಬಾಲಕನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು, ಆತನಿಗೆ ಅತ್ಯಂತ ಪ್ರಿಯವಾದ ಚಿತ್ರವೊಂದನ್ನು ಆದಿಯಿಂದ ನೋಡಿದೆ. ಅದು ಜಾಕಿ ಚಾನ್ ಅವರ 'ಪ್ರಾಜೆಕ್ಟ್ ಎ'. 1983ರ ಚಿತ್ರ. ಹಳೆಯ ಕಾಲದ ಹಾಂಕಾಂಗಿನಲ್ಲಿ ಕಡಲ್ಗಳ್ಳರನ್ನು ಹಿಡಿಯಲು ಹೊರಟ ಪೊಲೀಸನೊಬ್ಬನ ಕಥೆ.

ಕಥೆ ಅಂಥ ಹೊಸದೇನಲ್ಲ. ಆದರೆ ಇಕ್ಕಟ್ಟಾದ ಓಣಿಗಳಲ್ಲಿ ನಾಯಕ ಸೈಕಲ್ಲನ್ನೇ ಆಯುಧ ಮಾಡಿಕೊಂಡು ಬೆನ್ನಟ್ಟಿ ಬಂದವರಿಂದ ಪಾರಾಗುವ ಸನ್ನಿವೇಶ ಬಂದಾಗ ನನಗೂ ನಗು ತಡೆಯಲಾಗಲಿಲ್ಲವೆಂದು ಒಪ್ಪಿಕೊಳ್ಳಬೇಕು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಆ ಸೋದರಿಯೂ ಸೆರಗನ್ನು ಬಾಯಿಗೆ ಹಿಡಿದುಕೊಂಡದ್ದನ್ನು ನಾನು ಕಂಡೆ. ಬಾಲಕನನ್ನು ಕೇಳಿದೆ: "ಇದರಾಗ ನಿನಗ ಏನು ಸೇರತೈತಿ?" ಆತ ಪರದೆಯಿಂದ ಕಣ್ಣು ಕೀಳದೆ ಹೇಳಿದ: "ನೋಡ್ರಿ ಅಜ್ಜಾರ, ಬ್ಯಾರೆ ಸಿನೆಮಾದಾಗ ಹೀರೊ ಹೊಡದರ ಅವಗ ಏನೂ ಆಗೂದಿಲ್ಲ. ಇಂವಾ ಹೊಡದ ಮ್ಯಾಲ ತನ್ನ ಕೈ ತಾನ ಝಾಡಿಸಿಕೋತಾನ. ಇವಗ ನೋವಾಗತೈತ್ರಿ."

ಹನ್ನೊಂದು ವರ್ಷದ ಬಾಲಕ ಆಡಿದ ಈ ಮಾತಿನಲ್ಲಿ ಈ ಬಗೆಯ ಚಿತ್ರಗಳ ಆಕರ್ಷಣೆಯ ಗುಟ್ಟು ಅಡಗಿದೆಯೆಂದು ನನಗೆ ತೋರಿತು.

ನನ್ನ ತಲೆಮಾರಿನವರು ಕಂಡ ಸಮರಕಲೆಯ ಚಿತ್ರಗಳು ಬೇರೆಯವು. ಬಾಗಲಕೋಟೆಯ ಹಳೆಯ ಊರಿನ ಬಹುಭಾಗ ಆಲಮಟ್ಟಿಯ ಹಿನ್ನೀರಿಗೆ ಆಹುತಿಯಾಗುವ ಮುಂಚೆ, ನವನಗರವೆಂಬ ಹೆಸರು ಯಾರ ಕನಸಿನಲ್ಲಿಯೂ ಇಲ್ಲದಿದ್ದ ಕಾಲದಲ್ಲಿ, ನಾವು ಬ್ರೂಸ್ ಲೀಯ ಭಕ್ತರಾಗಿದ್ದೆವು. ಆತ 1973ರ ಜುಲೈಯಲ್ಲಿ ಕೇವಲ ಮೂವತ್ತೆರಡರ ವಯಸ್ಸಿನಲ್ಲಿ ತೀರಿಕೊಂಡಿದ್ದ. ಆದರೆ ಆತನ ಚಿತ್ರಗಳು ತಡವಾಗಿ, ಮಸುಕಾದ ಪ್ರತಿಗಳಲ್ಲಿ ನಮ್ಮ ಸೀಮೆಯನ್ನು ಮುಟ್ಟಿದಾಗ ನಮ್ಮ ಪಾಲಿಗೆ ಆತ ಬದುಕಿಯೇ ಇದ್ದ. ಆತ ಎತ್ತಿದ ಕಾಲು ಮುಗಿಲಿಗೆ, ಹಾಕಿದ ಕೂಗು ಕಿವಿಗೆ. ಆತನ ಮುಖದಲ್ಲಿ ಅಂಜಿಕೆಯ ಗೆರೆಯೊಂದೂ ಮೂಡುತ್ತಿರಲಿಲ್ಲ. ನೋಡಿ ಹೊರಬಂದ ನಾವು ಎದೆಯುಬ್ಬಿಸಿ ನಡೆಯುತ್ತಿದ್ದೆವು. ಮನೆ ಮುಟ್ಟಿ ಅಪ್ಪನ ಮುಖ ಕಂಡೊಡನೆ ಉಬ್ಬಿದ ಎದೆ ತಾನಾಗಿಯೇ ಇಳಿಯುತ್ತಿತ್ತು. ಆ ವೀರ ಬೇರೆ, ನಾವು ಬೇರೆ ಎಂಬುದು ಒಳಗೊಳಗೇ ತಿಳಿದಿತ್ತು.

ಬ್ರೂಸ್ ಲೀ ತೀರಿದ ಮೇಲೆ ಹಾಂಕಾಂಗಿನ ನಿರ್ಮಾಪಕರು ಇನ್ನೊಬ್ಬ ಬ್ರೂಸ್ ಲೀಯನ್ನು ತಯಾರಿಸಲು ಹೊರಟರು. ಲೀಯ ಚಿತ್ರಗಳಲ್ಲಿ ಪೆಟ್ಟು ತಿಂದು ಬೀಳುವ ಸಣ್ಣ ಕೆಲಸ ಮಾಡಿಕೊಂಡಿದ್ದ ಜಾಕಿ ಚಾನ್ ಎಂಬ ಯುವಕನನ್ನೂ ಆ ಅಚ್ಚಿಗೆ ಎರೆಯಲು ನೋಡಿದರು. ಎರಕ ಕೂಡಲಿಲ್ಲ, ಚಿತ್ರಗಳು ಸೋತವು. 1978ರಲ್ಲಿ ನಿರ್ದೇಶಕ ಯುಯೆನ್ ವೂ-ಪಿಂಗ್ ಅವರೊಡನೆ ಮಾಡಿದ ಎರಡು ಚಿತ್ರಗಳಲ್ಲಿ ಚಾನ್ ತಮ್ಮ ಹಾದಿ ಕಂಡುಕೊಂಡರು. ಆ ಹಾದಿಯನ್ನು ಅವರೇ ಅನೇಕ ಸಲ ವಿವರಿಸಿದ್ದಾರೆ: ಲೀ ಕಾಲನ್ನು ಮೇಲೆತ್ತಿದರೆ ತಾನು ಕೆಳಗಿಳಿಸಬೇಕು, ಲೀ ಸೋಲನ್ನೇ ಅರಿಯದ ವೀರನಾದರೆ ತಾನು ಪೆಟ್ಟು ತಿನ್ನುವ ಸಾಮಾನ್ಯನಾಗಬೇಕು. ಅಲ್ಲಿಂದ ಮುಂದೆ ಆತ ಚಿತ್ರದಲ್ಲಿ ಗುದ್ದಿದೊಡನೆ ಕೈ ಝಾಡಿಸಿಕೊಂಡ, ಬಲಿಷ್ಠನನ್ನು ಕಂಡರೆ ಓಡಿದ, ಓಡಲು ದಾರಿಯಿಲ್ಲದಾಗ ಮಾತ್ರ ತಿರುಗಿ ನಿಂತ. ಕೈಗೆ ಸಿಕ್ಕ ಮಣೆ, ಏಣಿ, ಕುರ್ಚಿ, ಕೊಡೆ, ಬುಟ್ಟಿಗಳಿಂದಲೇ ತನ್ನನ್ನು ಕಾಪಾಡಿಕೊಂಡ. ಖಡ್ಗ ಬಂದೂಕುಗಳ ಬದಲು ನಮ್ಮ ಮನೆಯ ಪಡಸಾಲೆಯಲ್ಲಿರುವ ವಸ್ತುಗಳೇ ಜೀವ ತಳೆದು ಕುಣಿಯುವುದರಿಂದ ತಾಯಂದಿರೂ ಮಕ್ಕಳೂ ಒಟ್ಟಿಗೆ ನಗುತ್ತಾರೆ.

ಇಂಥ ಚಿತ್ರಕ್ಕೆ ಭಾಷೆಯ ಹಂಗೂ ಇಲ್ಲ. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವ ಪದ್ಧತಿ ನಮ್ಮಲ್ಲಿ ದಶಕಗಳ ಕಾಲ ಇರಲಿಲ್ಲ. ನಮ್ಮ ಭಾಗದ ಮಕ್ಕಳು ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲಿ ಚೀನೀ ಮಾತನ್ನೋ ಇಂಗ್ಲಿಷನ್ನೋ, ಮುಂದೆ ಕೇಬಲ್ ಟಿ.ವಿ.ಯಲ್ಲಿ ಹಿಂದಿಯನ್ನೋ ಕೇಳುತ್ತ ಈ ಚಿತ್ರಗಳನ್ನು ನೋಡಿದರು. ಅರ್ಥವಾಗದ ಮಾತು ಅವರಿಗೆ ಅಡ್ಡಿಯಾಗಲಿಲ್ಲ. ಹಿಂದೆ ಅಮೇರಿಕೆಯ ಮೂಕಿಚಿತ್ರಗಳ ಕಾಲದಲ್ಲಿ ಚಾಪ್ಲಿನ್ನರಿಗೂ ಬಸ್ಟರ್ ಕೀಟನ್ನರಿಗೂ ಮಾತು ಬೇಕಾಗಿರಲಿಲ್ಲ. 1923ರ ಮೂಕಿಚಿತ್ರವೊಂದರಲ್ಲಿ ಹೆರಾಲ್ಡ್ ಲಾಯ್ಡ್ ಎತ್ತರದ ಕಟ್ಟಡದ ಗಡಿಯಾರದ ಮುಳ್ಳಿಗೆ ಜೋತುಬಿದ್ದು ಜಗತ್ತನ್ನೇ ನಗಿಸಿದ್ದರು. ಅರವತ್ತು ವರ್ಷಗಳ ತರುವಾಯ ಚಾನ್ 'ಪ್ರಾಜೆಕ್ಟ್ ಎ'ಯಲ್ಲಿ ಗಡಿಯಾರದ ಗೋಪುರಕ್ಕೆ ಜೋತುಬಿದ್ದುದು ಅದೇ ಪರಂಪರೆಗೆ ಸಲ್ಲಿಸಿದ ಗೌರವ. ನಮ್ಮ ಕನ್ನಡದಲ್ಲಿಯೂ ಕುಳ್ಳಗಿನ ಮೈಯನ್ನೇ ಬಂಡವಾಳವಾಗಿಸಿಕೊಂಡು, ನಾಯಕನ ಹೊಡೆದಾಟದ ನಡುವೆ ನಗೆಯನ್ನು ನುಗ್ಗಿಸಿದ ದ್ವಾರಕೀಶರು ಇದ್ದರು. 1972ರ 'ಕುಳ್ಳ ಏಜೆಂಟ್ 000', 1978ರ 'ಸಿಂಗಪೂರಿನಲ್ಲಿ ರಾಜಾಕುಳ್ಳ' ಇವನ್ನು ನಮ್ಮ ವಯಸ್ಸಿನವರು ಮರೆಯಲಾರರು. ಆಳೆತ್ತರದ ಧಾಂಡಿಗನ ಕಾಲ ಸಂದಿಯಿಂದ ನುಸುಳಿ ಪಾರಾಗುವ ಕುಳ್ಳನಲ್ಲಿ ನಾವು ನಮ್ಮನ್ನೇ ಕಂಡುಕೊಂಡೆವು.

ಈ ನಗೆಯ ಬೇರು ಸಿನೆಮಾಕ್ಕಿಂತ ಹಿಂದಿನದು, ಅದು ನಾಟಕದ್ದು. ಚೀನೀಯರ ಪುರಾತನ ಸಂಗೀತ ನಾಟಕದಲ್ಲಿ ಪಾತ್ರಗಳನ್ನು ಪುರುಷ, ಸ್ತ್ರೀ, ಬಣ್ಣದ ಮುಖದವ, ವಿದೂಷಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ವಿದೂಷಕರಲ್ಲಿಯೂ ಒಂದು ಉಪಜಾತಿಯುಂಟು: ಲಾಗ ಹಾಕುತ್ತ, ಹೊಡೆದಾಡುತ್ತ ನಗಿಸುವ 'ಸಮರ ವಿದೂಷಕ'. ಚಾನ್ ಕಲಿತದ್ದು ಇಂಥ ನಾಟಕದ ಶಾಲೆಯಲ್ಲಿ. 1954ರಲ್ಲಿ ಹಾಂಕಾಂಗಿನ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಆತನನ್ನು ಏಳನೆಯ ವಯಸ್ಸಿನಲ್ಲಿ ತಂದೆತಾಯಿಗಳು ಯು ಜಿಮ್-ಯುಯೆನ್ ಎಂಬ ಗುರುವಿನ ಶಾಲೆಗೆ ಹತ್ತು ವರ್ಷಗಳ ಕರಾರಿನ ಮೇಲೆ ಒಪ್ಪಿಸಿ, ಹೊಟ್ಟೆಪಾಡಿಗಾಗಿ ಆಸ್ಟ್ರೇಲಿಯಕ್ಕೆ ಹೋದರು. ತಂದೆ ಅಲ್ಲಿ ರಾಯಭಾರ ಕಚೇರಿಯಲ್ಲಿ ಅಡಿಗೆಯವ. ಬೆಳಗಿನಿಂದ ರಾತ್ರಿಯವರೆಗೆ ಲಾಗ, ಹಾಡು, ಕೋಲುವರಸೆ. ತಪ್ಪಿದರೆ ಬೆತ್ತದ ಏಟು. ಸ್ಯಾಮೋ ಹಂಗ್, ಯುಯೆನ್ ಬಿಯಾವ್ ಮೊದಲಾದ ಮುಂದಿನ ತಾರೆಗಳೆಲ್ಲ ಅದೇ ಶಾಲೆಯ ಗುರುಬಂಧುಗಳು. ಅವರ ಕಲಿಕೆ ಮುಗಿಯುವ ಹೊತ್ತಿಗೆ ನಾಟಕಕ್ಕೆ ಜನ ಬರುವುದು ನಿಂತಿತ್ತು. ಕಲಿತ ವಿದ್ಯೆಗೆ ರಂಗಸ್ಥಳವೇ ಇಲ್ಲದ ಆ ಹುಡುಗರು ಸಿನೆಮಾಕ್ಕೆ ಹೋಗಿ, ಹೆಸರಿಲ್ಲದ ಸಾಹಸಿಗಳಾಗಿ, ದಿನಗೂಲಿಗೆ ಬಿದ್ದೆದ್ದರು.

ಈ ಕಥೆ ನಮ್ಮ ಬಾಗಲಕೋಟೆ ಜಿಲ್ಲೆಯ ಓದುಗರಿಗೆ ಅಪರಿಚಿತವಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ತೇರು ಎಳೆದ ಮೇಲೆ ತಿಂಗಳುಗಟ್ಟಲೆ ಅಲ್ಲಿ ಬೀಡುಬಿಡುವ ನಾಟಕ ಕಂಪನಿಗಳನ್ನು ನೋಡುತ್ತ ಬೆಳೆದವರು ನಾವು. ತಗಡಿನ ಗೋಡೆ, ಮರದ ಹಲಗೆಯ ರಂಗ, ನಡುರಾತ್ರಿಯಾದರೂ ಕದಲದ ಜನ. ನಾಯಕ ನಾಯಕಿಯರ ಕಣ್ಣೀರಿನ ಪ್ರವೇಶ ಮುಗಿಯುತ್ತಲೇ ಹಾಸ್ಯದವನು ಬಂದು ಮಂಚದಿಂದ ಉರುಳಿ, ಕಂಬಕ್ಕೆ ಹಾಯ್ದು, ಹೆಂಡತಿಯ ಲಟ್ಟಣಿಗೆಯಿಂದ ತಪ್ಪಿಸಿಕೊಂಡು ಜನರನ್ನು ನಗೆಗಡಲಲ್ಲಿ ಮುಳುಗಿಸುತ್ತಿದ್ದ. ಅವನು ಬೀಳುತ್ತಿದ್ದುದು ಗಾದಿಯ ಮೇಲಲ್ಲ, ಹಲಗೆಯ ಮೇಲೆ. ನಮ್ಮ ದೊಡ್ಡಾಟದಲ್ಲಿ ರಾಜರ ಅಬ್ಬರದ ಕುಣಿತದ ನಡುವೆ ಸಾರಥಿ ನಗಿಸುತ್ತಾನೆ. ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನೂ ದೂತಿಯೂ ದೇವರನ್ನೇ ಗೇಲಿ ಮಾಡುತ್ತಾರೆ. ಶೌರ್ಯವನ್ನೂ ನಗೆಯನ್ನೂ ಒಂದೇ ರಂಗದಲ್ಲಿ ಕೂಡಿಸುವುದು ನಮ್ಮವರಿಗೂ ಗೊತ್ತಿತ್ತು. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಬಾದಾಮಿಯ ಮೇಣಬಸದಿಗಳ ಜಗಲಿಯನ್ನು ನೋಡಿರಿ. ಮೊದಲನೆಯ ಗುಹೆಯ ಹೊರಗೆ ಹದಿನೆಂಟು ತೋಳಿನ ನಟರಾಜನ ಭವ್ಯ ಮೂರ್ತಿಯಿದೆ. ಎಲ್ಲರೂ ಅದನ್ನು ನೋಡಿ ಕೈಮುಗಿಯುತ್ತಾರೆ. ಆದರೆ ಕೆಳಗೆ ಜಗಲಿಯ ಪಟ್ಟಿಯುದ್ದಕ್ಕೂ ಡೊಳ್ಳುಹೊಟ್ಟೆಯ ಕುಳ್ಳ ಗಣಗಳು ಮೈ ತಿರುಚಿ, ಕಾಲೆತ್ತಿ, ಮೋರೆ ಸೊಟ್ಟಗೆ ಮಾಡಿ ಕುಣಿಯುತ್ತಿವೆ. ಶಿವನ ತಾಂಡವದ ಪಾದದಲ್ಲಿಯೇ ಶಿವಗಣಗಳ ನಗೆಯಾಟವನ್ನು ಕಡೆದಿಟ್ಟ ಆ ಶಿಲ್ಪಿಗಳಿಗೆ ಗಾಂಭೀರ್ಯಕ್ಕೆ ನಗೆ ಶತ್ರುವಲ್ಲವೆಂಬುದು ಆರನೆಯ ಶತಮಾನದಲ್ಲಿಯೇ ತಿಳಿದಿತ್ತು.

ನಮ್ಮ ಕಂಪನಿಗಳಿಗೂ ಕಷ್ಟದ ಕಾಲ ಬಂದಿತು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ರಾಜಕುಮಾರರೂ ರಂಗದಿಂದಲೇ ಬಂದ ಹಾಸ್ಯನಟ ನರಸಿಂಹರಾಜರೂ 1954ರ 'ಬೇಡರ ಕಣ್ಣಪ್ಪ'ದಿಂದ ಸಿನೆಮಾದಲ್ಲಿ ನೆಲೆ ಕಂಡರು. ಹಾಂಕಾಂಗಿನಲ್ಲಿ ಚಾನ್ ಹುಟ್ಟಿದ್ದು ಅದೇ ವರ್ಷ. ಸಿನೆಮಾದ ದಾರಿ ಸಿಗದ ಎಷ್ಟೋ ಕಲಾವಿದರು ಹೆಸರಿಲ್ಲದೆ ಹೋದರು. ಹಲಗೆಯ ಮೇಲೆ ಬಿದ್ದ ಪೆಟ್ಟು ಮಾತ್ರ ಅವರ ಸೊಂಟದಲ್ಲಿ ಕೊನೆಯವರೆಗೂ ಉಳಿಯಿತು.

ಇಲ್ಲಿಗೆ ನಾವು ತಾಯಿಯ ಪ್ರಶ್ನೆಯ ಸಮೀಪ ಬಂದೆವು. ಬಿದ್ದವನನ್ನು ಕಂಡು ನಗುವುದು ನಿರ್ದಯೆಯಲ್ಲವೇ? ಹೌದು, ಬಿದ್ದವನಿಗೆ ಆದ ನೋವು ಕಾಣದಿದ್ದರೆ ನಿರ್ದಯೆಯೇ. ಆದರೆ ಈ ಹಾಸ್ಯದ ವಿಶೇಷವೆಂದರೆ ಅದು ನೋವನ್ನು ಮುಚ್ಚಿಡುವುದಿಲ್ಲ. ಸಾವಿರಾರು ಗುಂಡು ಹಾರಿಸಿ ನೂರಾರು ಜನರನ್ನು ಕೊಂದು, ಅಂಗಿಯ ಇಸ್ತ್ರಿ ಕೆಡದಂತೆ ಹೊರನಡೆಯುವ ನಾಯಕರ ಚಿತ್ರಗಳನ್ನು ನಾವು ಮಕ್ಕಳೊಡನೆ ಕುಳಿತು ನೋಡುತ್ತೇವೆ. ಅಲ್ಲಿ ಸತ್ತವರಿಗೆ ಹೆಸರಿಲ್ಲ, ನೋವಿಲ್ಲ, ತಾಯಿಯಿಲ್ಲ. ಆ ಚಿತ್ರಗಳ ಬಗ್ಗೆ ನಮಗೆ ಪತ್ರಗಳು ಬರುವುದಿಲ್ಲ. ನಗೆಯ ಹೊಡೆದಾಟದಲ್ಲಿ ಹೊಡೆದವನಿಗೂ ಕೈ ನೋಯುತ್ತದೆ, ಹೊಡೆಸಿಕೊಂಡವನು ಎದ್ದು ಕೂಡುತ್ತಾನೆ, ಬಹುಮಟ್ಟಿಗೆ ಯಾರೂ ಸಾಯುವುದಿಲ್ಲ. ಯಾವುದು ಮಗುವಿನ ಕರುಳನ್ನು ಹೆಚ್ಚು ಒಣಗಿಸೀತು ಎಂಬುದನ್ನು ಹಿರಿಯರು ಯೋಚಿಸಬೇಕು.

ಆ ಸಂಜೆ ಕಥೆ ಮುಗಿದು ಹೆಸರುಗಳು ಬರತೊಡಗಿದೊಡನೆ ಬಾಲಕ ಎದ್ದುಬಿಟ್ಟ. ಆತ ಯಾವಾಗಲೂ ಅಲ್ಲಿಗೇ ಏಳುತ್ತಿದ್ದನಂತೆ. ನಾನು ಕೈಹಿಡಿದು ಕೂಡಿಸಿದೆ. ಚಾನ್ ಅವರ ಚಿತ್ರಗಳಲ್ಲಿ ಒಂದು ಪದ್ಧತಿಯುಂಟು. ಚಿತ್ರೀಕರಣದಲ್ಲಿ ತಪ್ಪಿದ, ಬಿದ್ದ, ಪೆಟ್ಟಾದ ತುಣುಕುಗಳನ್ನು ಹೆಸರುಗಳ ಜೊತೆಗೆ ಕೊನೆಯಲ್ಲಿ ತೋರಿಸುತ್ತಾರೆ. 1981ರ ಅಮೇರಿಕನ್ ಚಿತ್ರವೊಂದರಲ್ಲಿ ನಟಿಸಿದಾಗ ಅಲ್ಲಿ ಕಂಡ ರೂಢಿಯನ್ನು ಅವರು ತಮ್ಮ ಚಿತ್ರಗಳಿಗೆ ತಂದುಕೊಂಡರು. ಗಡಿಯಾರದ ಗೋಪುರದಿಂದ ಕೈಬಿಟ್ಟು, ಎರಡು ಬಟ್ಟೆಯ ಮೇಲ್ಕಟ್ಟುಗಳನ್ನು ಹರಿದುಕೊಂಡು ನೆಲಕ್ಕೆ ಅಪ್ಪಳಿಸುವ ಆ ದೃಶ್ಯವನ್ನು ಅವರು ಒಂದಕ್ಕಿಂತ ಹೆಚ್ಚು ಬಾರಿ ಮಾಡಿದ್ದರು. ನಗೆಯ ಚಿತ್ರದ ಕೊನೆಗೆ ಜನ ಓಡಿಬಂದು ಆತನನ್ನು ಎತ್ತುವುದು, ಕುತ್ತಿಗೆ ಹಿಡಿದು ನಿಲ್ಲಿಸುವುದು, ನೋವಿನಿಂದ ಆತನ ಮುಖ ಕಿವುಚುವುದು ಕಂಡಿತು. ಬಾಲಕನ ನಗೆ ನಿಂತಿತು. ಬಹಳ ಹೊತ್ತಿನ ಮೇಲೆ ಕೇಳಿದ: "ಅಜ್ಜಾರ, ಅವಗ ಖರೇನ ಪೆಟ್ಟಾತೇನ್ರಿ?"

ನಾನು ಹೇಳಿದೆ. ಖರೆಯೇ ಪೆಟ್ಟಾಗಿತ್ತು. ಮುಂದೆ 1986ರಲ್ಲಿ ಯುಗೋಸ್ಲಾವಿಯದಲ್ಲಿ ಬೇರೊಂದು ಚಿತ್ರಕ್ಕಾಗಿ ಗೋಡೆಯಿಂದ ಮರದ ಟೊಂಗೆಗೆ ಜಿಗಿಯುವಾಗ ಟೊಂಗೆ ಮುರಿದು, ತಲೆ ಕಲ್ಲಿಗೆ ಬಡಿದು, ಬುರುಡೆ ಒಡೆದು ಶಸ್ತ್ರಚಿಕಿತ್ಸೆಯಾಯಿತು. ಒಂದು ಕಿವಿಯ ಶ್ರವಣಕ್ಕೂ ಊನ ಬಂದಿತು. ಅದು ಅವರ ಅತಿ ಕಠಿಣವಾದ ಜಿಗಿತವೇನೂ ಆಗಿರಲಿಲ್ಲ. ಹತ್ತು ವರ್ಷ ಗುರುವಿನ ಬಳಿ ಕಲಿತವನಿಗೇ ಒಂದು ಟೊಂಗೆ ಹೀಗೆ ಮಾಡಿದರೆ ಕಲಿಯದವನ ಗತಿಯೇನು? ಬಾಲಕ ತನ್ನ ಎಡಗೈಯನ್ನು ಬಲಗೈಯಿಂದ ಸವರಿಕೊಂಡ. ನಾನು ಬೇರೇನೂ ಬುದ್ಧಿವಾದ ಹೇಳಲಿಲ್ಲ.

ಈ ಕೊನೆಯ ತುಣುಕುಗಳಲ್ಲಿಯೇ ನಾನು ಶರಣರ ಮಾತಿನ ಕಾಯಕವನ್ನು ಕಂಡೆ. ಇಳಕಲ್ಲಿನ ಕುಣಿಮಗ್ಗದ ಮುಂದೆ ಕುಳಿತ ನೇಕಾರನ ಕೈ ಲಾಳಿಯ ಮೇಲೆ, ಕಾಲು ತುಳಿಹಲಗೆಯ ಮೇಲೆ, ಕಣ್ಣು ಎಳೆಯ ಮೇಲೆ. ಸೀರೆಯ ಒಡಲಿಗೂ ಸೆರಗಿಗೂ ಎಳೆಯೆಳೆಯಾಗಿ ಕೊಂಡಿ ಕೂಡಿಸುವಾಗ ಆತ ಎಷ್ಟು ಸಲ ಹರಿದ ನೂಲನ್ನು ಹೊಸೆದನೆಂಬುದು ಉಟ್ಟವರಿಗೆ ತಿಳಿಯದು. ನಲಿವು ಅವರದು, ನೋವು ಇವನದು. ಚಿತ್ರದಲ್ಲಿ ಎರಡು ನಿಮಿಷ ನಾವು ನಕ್ಕ ಹೊಡೆದಾಟಕ್ಕೆ ವಾರಗಟ್ಟಲೆ ದುಡಿಮೆಯಿರುತ್ತದೆ. ನೂರು ಸಲ ತಪ್ಪಿ ನೂರೊಂದನೆಯ ಸಲ ಕೂಡಿ ಬಂದದ್ದನ್ನು ನಾವು ನೋಡುತ್ತೇವೆ. 2016ರಲ್ಲಿ ಗೌರವ ಆಸ್ಕರ್ ಪ್ರಶಸ್ತಿ ಅವರಿಗೆ ಬಂದಾಗ ಅದು ಮುರಿದ ಎಲುಬುಗಳಿಗೆಲ್ಲ ತಡವಾಗಿ ಸಿಕ್ಕ ಮನ್ನಣೆಯಾಗಿತ್ತು. ಆದರೆ ಆ ಶಾಲೆಯ ಬೆತ್ತದ ಶಿಸ್ತನ್ನು ನಾವು ಮೆಚ್ಚಬೇಕಾಗಿಲ್ಲ. ಮಗುವನ್ನು ಬಡಿದು ಕಲಿಸಿದ ವಿದ್ಯೆ ಎಷ್ಟು ಬೆಳಗಿದರೂ ಬಡಿತ ಸರಿಯಾಗದು.

ಇಲ್ಲಿಯೇ ಇನ್ನೊಂದು ಎಚ್ಚರಿಕೆಯ ಮಾತು. ಚಾನ್ ಅವರಿಗೆ ಕೀರ್ತಿ ತಂದ 1978ರ ಎರಡನೆಯ ಚಿತ್ರದ ಹೆಸರು 'ಡ್ರಂಕನ್ ಮಾಸ್ಟರ್'. ಕುಡುಕ ಗುರುವೊಬ್ಬ ಶಿಷ್ಯನಿಗೆ ಅಮಲೇರಿದವನಂತೆ ತೂರಾಡುತ್ತ ಹೊಡೆದಾಡುವ ವರಸೆಯನ್ನು ಕಲಿಸುತ್ತಾನೆ. ಕುಡಿದಷ್ಟೂ ಬಲ ಹೆಚ್ಚುತ್ತದೆ. ತಮಾಷೆ ನಿಜ. ಇದು ನಮ್ಮ ನೆಲಕ್ಕೂ ಹೊಸತಲ್ಲ. ಏಳನೆಯ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ನಾಡಿಗೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್, ಇಲ್ಲಿಯ ಯೋಧರು ಕಾಳಗಕ್ಕೆ ಮುನ್ನ ಮದ್ಯ ಕುಡಿದು ಉನ್ಮತ್ತರಾಗಿ ನುಗ್ಗುತ್ತಿದ್ದರೆಂದೂ ಆನೆಗಳಿಗೂ ಕುಡಿಸುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. ಚೀನೀಯನ ಲೇಖನಿ ನಮ್ಮ ಕುಡುಕ ವೀರರನ್ನು ಕಂಡಿತು. ಹದಿಮೂರು ಶತಮಾನಗಳ ಮೇಲೆ ಚೀನೀಯರ ಕುಡುಕ ವೀರನನ್ನು ನಮ್ಮ ಮಕ್ಕಳು ಕಾಣುತ್ತಿದ್ದಾರೆ. ಆದರೆ ಈ ಪತ್ರ ಬಂದ ಊರು ಇಳಕಲ್ಲು. ಚಿತ್ತರಗಿಯ ವಿಜಯ ಮಹಾಂತೇಶ ಸಂಸ್ಥಾನ ಮಠದ ಪೂಜ್ಯ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ನಡೆದದ್ದು ಇದೇ ಸೀಮೆಯಿಂದ. ಅವರು ಬೇಡಿದ್ದು ಕಾಳಲ್ಲ, ಕಾಸಲ್ಲ; ನಿಮ್ಮ ಕುಡಿತವನ್ನು, ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಗೆ ಗಂಡನ ಬಾಟಲಿ ಬಿದ್ದ ದಿನ ಎಷ್ಟು ಮನೆಗಳಲ್ಲಿ ಹೆಂಡತಿ ಮಕ್ಕಳು ಪೆಟ್ಟು ತಿನ್ನುವುದು ನಿಂತಿತೋ! ಆ ಪೆಟ್ಟಿನಲ್ಲಿ ಹಾಸ್ಯವಿರಲಿಲ್ಲ. ಚಾನ್ ಅವರಿಗೂ ಇದು ಹೊಳೆದಿರಬೇಕು. 1994ರ ಎರಡನೆಯ 'ಡ್ರಂಕನ್ ಮಾಸ್ಟರ್'ನಲ್ಲಿ ಕುಡಿದು ಹೊಡೆದಾಡಕೂಡದೆಂದು ತಂದೆ ಮಗನನ್ನು ತಡೆಯುತ್ತಾನೆ. ಮಗ ಕುಡಿದು ಊರ ಮುಂದೆ ಮಾನ ಕಳೆದುಕೊಳ್ಳುತ್ತಾನೆ. ಮಕ್ಕಳಿಗೆ ಮೊದಲನೆಯದನ್ನು ತೋರಿಸಿದವರು ಎರಡನೆಯದನ್ನೂ ತೋರಿಸಬೇಕು. ಆಮೇಲೆ ಜೋಳಿಗೆಯ ಕಥೆಯನ್ನು ಹೇಳಬೇಕು.

ಈ ಚಿತ್ರಗಳಲ್ಲಿ ಒಪ್ಪಲಾಗದ ಸಂಗತಿಗಳು ಬೇರೆಯೂ ಇವೆ. ಹೆಣ್ಣುಮಕ್ಕಳನ್ನು ಹಗುರವಾಗಿ ಕಾಣುವ, ದಪ್ಪಗಿನವರನ್ನೂ ತೊದಲುವವರನ್ನೂ ಗೇಲಿ ಮಾಡುವ ಒರಟು ವಿನೋದ ಹಳೆಯ ಹಾಂಕಾಂಗ್ ಚಿತ್ರಗಳಲ್ಲಿ ಸಾಕಷ್ಟುಂಟು. ನಮ್ಮ ಕಂಪನಿ ನಾಟಕಗಳ ಹಾಸ್ಯವೂ ಈ ದೋಷದಿಂದ ಮುಕ್ತವಲ್ಲ. ಅಂಥಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರು ನಗದೆ ಇದ್ದರೆ ಸಾಕು, ಮಗು ಗಮನಿಸುತ್ತದೆ. ಬಲಿಷ್ಠನ ಸೊಕ್ಕು ಮುರಿದಾಗ ಬರುವ ನಗೆ ಒಂದು, ದುರ್ಬಲನು ಬಿದ್ದಾಗ ಬರುವ ನಗೆ ಇನ್ನೊಂದು. ಮೊದಲನೆಯದನ್ನು ಶರಣರೂ ಬಲ್ಲರು. ಡಂಭವನ್ನೂ ಮೇಲುಜಾತಿಯ ಹಮ್ಮನ್ನೂ ಅವರು ವಚನಗಳಲ್ಲಿ ಹಾಸ್ಯದ ಚಾಟಿಯಿಂದಲೇ ಅಟ್ಟಿದರು. ಎರಡನೆಯದನ್ನು ಅವರು ಎಂದೂ ಒಪ್ಪಲಿಲ್ಲ. ಆ ಬಾಲಕ ತಂಗಿಯನ್ನು ಕಂಡು ನಕ್ಕಾಗ ಈ ಎರಡರ ನಡುವಿನ ಗೆರೆ ಆತನಿಗೆ ಕಂಡಿರಲಿಲ್ಲ. ತೋರಿಸಬೇಕಾದವರು ನಾವು, ನಾವೋ ಆತನ ಕೈಗೆ ಮೊಬೈಲು ಕೊಟ್ಟು ನಮ್ಮ ಕೆಲಸಕ್ಕೆ ಹೋಗಿದ್ದೆವು.

ಸೋದರಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿಷ್ಟು. ನಿಷೇಧಿಸಬೇಡಿರಿ, ಜೊತೆಗೆ ಕುಳಿತುಕೊಳ್ಳಿರಿ. ದಿನವೂ ಬೇಡ, ವಾರಕ್ಕೊಮ್ಮೆ ಸಾಕು. ಕೊನೆಯ ತುಣುಕುಗಳು ಮುಗಿಯುವವರೆಗೆ ಯಾರೂ ಏಳಬಾರದೆಂಬ ನಿಯಮವಿರಲಿ. ಮೈಯಲ್ಲಿ ಉಕ್ಕುವ ಚೈತನ್ಯಕ್ಕೆ ಅಟ್ಟದ ಏಣಿಯಲ್ಲ, ಸರಿಯಾದ ಸ್ಥಳ ತೋರಿಸಿರಿ. ನಮ್ಮ ಊರುಗಳಲ್ಲಿ ಗರಡಿಮನೆಗಳಿದ್ದವು. ಕೆಲವೆಡೆ ಇನ್ನೂ ಇವೆ. ಕೆಮ್ಮಣ್ಣಿಗೆ ಮಜ್ಜಿಗೆ, ಅರಿಷಿಣ, ಎಣ್ಣೆ, ನಿಂಬೆಹಣ್ಣು ಬೆರೆಸಿ ಹದಗೊಳಿಸಿದ ಅಖಾಡದಲ್ಲಿ ವಸ್ತಾದರು ಹುಡುಗರಿಗೆ ಮೊದಲು ಕಲಿಸುತ್ತಿದ್ದುದು ಎದುರಾಳಿಯನ್ನು ಕೆಡವುವುದನ್ನಲ್ಲ, ತಾನು ಪೆಟ್ಟಾಗದಂತೆ ಬೀಳುವುದನ್ನು. ಕುಸ್ತಿಗೆ ಮುಂಚೆ ಮಣ್ಣಿಗೆ ನಮಸ್ಕಾರ, ಮುಗಿದ ಮೇಲೆ ಎದುರಾಳಿಗೆ ಕೈ. ಗರಡಿಯಿಲ್ಲದ ಊರಿನಲ್ಲಿ ಕರಾಟೆಯ ತರಗತಿಯಾದರೂ ಆದೀತು, ಯೋಗಾಸನವಾದರೂ ಆದೀತು. ಕಲಿಸುವವರು ಬಲ್ಲವರಾಗಿರಬೇಕು, ಮಗುವಿನ ಮೇಲೆ ಕೈಯೆತ್ತದವರಾಗಿರಬೇಕು.

ಮುಂದಿನ ಸಲ ಆ ಬಾಲಕನಿಗೆ ಒಂದು ಸಂಗತಿ ಹೇಳಬೇಕೆಂದಿದ್ದೇನೆ. ಆತನ ಮೆಚ್ಚಿನ ನಟ ನಮ್ಮ ನೆರೆಗೇ ಬಂದಿದ್ದರು. 2005ರಲ್ಲಿ ತೆರೆಕಂಡ 'ದಿ ಮಿಥ್' ಚಿತ್ರದ ಕೆಲವು ದೃಶ್ಯಗಳು ಚಿತ್ರಿತವಾದದ್ದು ಹಂಪೆಯಲ್ಲಿ. ಇಳಕಲ್ಲಿನಿಂದ ಕುಷ್ಟಗಿ ದಾಟಿ ಹೊಸಪೇಟೆಯ ಹಾದಿ ಹಿಡಿದರೆ ಮುಂಜಾನೆ ಹೊರಟು ಮಧ್ಯಾಹ್ನದೊಳಗೆ ಮುಟ್ಟಬಹುದು. ಹಂಪೆಯ ಬಂಡೆಗಳ ನಡುವೆ ತಂದೆತಾಯಿಗಳೊಡನೆ, ತಂಗಿಯ ಕೈಹಿಡಿದು ನಿಂತು ಆತ ಅದನ್ನು ನೆನೆದರೆ ಚೆನ್ನು. ಹಿಂದಿರುಗುವಾಗ ಹುನಗುಂದದ ಮೇಲಿಂದ ಕೂಡಲಸಂಗಮಕ್ಕೂ ಹೋಗಿಬರಲಿ. ಹೊಳೆಗಳೆರಡು ಕೂಡುವ ಆ ತಾಣದಲ್ಲಿ ದಯೆಯ ಮಾತನ್ನು ನಾವು ಹೇಳಬೇಕಾಗಿಯೇ ಇಲ್ಲ, ಆ ಸ್ಥಳವೇ ಹೇಳುತ್ತದೆ.

ಈ ಲೇಖನವನ್ನು ಮುಗಿಸುವ ಹೊತ್ತಿಗೆ ಆ ಸೋದರಿಯಿಂದ ಎರಡನೆಯ ಪತ್ರ ಬಂದಿದೆ. ನಾಲ್ಕೇ ಸಾಲು. ಮಗನ ಹುಚ್ಚು ಕಡಿಮೆಯಾಗಿಲ್ಲವಂತೆ. ಆದರೆ ಮೊನ್ನೆ ಮತ್ತೆ ಅದೇ ಚಿತ್ರ ನೋಡುವಾಗ, ಹೆಸರುಗಳು ಬರತೊಡಗಿದಾಗ, ಆತ ತಂಗಿಯನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡು "ನೋಡು, ಈಗ ಇವಗ ಖರೇನ ಪೆಟ್ಟಾಗತೈತಿ, ನಗಬ್ಯಾಡ" ಎಂದನಂತೆ.